ಅಂಗಡಿ ಆಮೇಲೆ ಮುಚ್ಚಿ: ದೊಡ್ಡ ಕಾಯಿಲೆಯ ನಂತರ ಕೈಕಸುಬು ಬಿಟ್ಟು ಬರೆಯಲು ಕೂರುವವರಿಗೆ ಸಮಗ್ರ ಮಾರ್ಗದರ್ಶಿ

ಠಾಣೆಯ ಒಬ್ಬ ಬಡಗಿ, ಝವೇರಿ ಬಜಾರಿನ ಒಬ್ಬ ಚಿನ್ನದ ಕೆಲಸದವರು, ಪುಣೆಯಲ್ಲಿ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದ ಒಬ್ಬ ಪೇಂಟರ್. ಮೂವರೂ ಬೇರೆ ಬೇರೆ ಹೊತ್ತಿನಲ್ಲಿ ನನಗೆ ಫೋನ್ ಮಾಡಿದವರು. ಮೂವರದೂ ಒಂದೇ ಕಥೆ. ದೊಡ್ಡ ಕಾಯಿಲೆ ಬಂತು, ಬದುಕಿ ಬಂದರು, "ಇನ್ನು ಬರೆಯುತ್ತೇನೆ" ಅಂದರು. ಮೊದಲು ಅಂಗಡಿ ಮುಚ್ಚಿದರು. ಆಮೇಲೆ ಮೇಜು ಕೊಂಡರು. ವರ್ಷ ಕಳೆದರೂ ಇಪ್ಪತ್ತು ಪುಟ ಆಗಲಿಲ್ಲ. ಕೂಡಿಟ್ಟ ದುಡ್ಡು ಮಾತ್ರ ಕರಗಿತು.

ಆಸೆ ಸರಿಯಾಗಿಯೇ ಇತ್ತು. ಮಾಡಿದ ಕ್ರಮ ತಲೆಕೆಳಗಾಗಿತ್ತು. ಅದಕ್ಕೇ ಇಲ್ಲಿ ಕ್ರಮದ ಮಾತೇ ಜಾಸ್ತಿ.

ನಾನು ಮುಂಬಯಿಯ ಮಾಟುಂಗಾದಲ್ಲಿ 27 ವರ್ಷ ಸೂಟು ಹೊಲಿದವನು. ದೊಡ್ಡ ಕರುಳಿನ ಕ್ಯಾನ್ಸರ್ ಆಗಿ ಆಪರೇಶನ್ ಆಯಿತು, ಎರಡು ವಾರಕ್ಕೊಂದರಂತೆ 12 ಕೀಮೋ ಆಯಿತು. ಅದಕ್ಕೇ ಉದಾಹರಣೆಗಳೆಲ್ಲ ಟೈಲರಿಂಗಿನವು. ನಿಮ್ಮ ಕಸುಬು ಬೇರೆಯಾದರೆ ಕತ್ತರಿಯ ಜಾಗದಲ್ಲಿ ಉಳಿಯನ್ನೋ ಕುಂಚವನ್ನೋ ಇಟ್ಟು ಓದಿಕೊಳ್ಳಿ.

ಹಂತ 1: ಆಸ್ಪತ್ರೆಯಲ್ಲಿ ಮಾಡಿದ ತೀರ್ಮಾನವನ್ನು ಮಡಚಿಡಿ

ಡ್ರಿಪ್ ಹಾಕಿಸಿಕೊಂಡು ಮಲಗಿದಾಗ ಎಲ್ಲವೂ ನಿಚ್ಚಳವಾಗಿ ಕಾಣುತ್ತದೆ. ಆಗ ಹೊಳೆದದ್ದನ್ನು ಒಂದು ಚೀಟಿಯಲ್ಲಿ ತಾರೀಖು ಹಾಕಿ ಬರೆದಿಡಿ. ಮನೆಯವರಿಗೆ ಹೇಳಿ, ಗಿರಾಕಿಗಳಿಗೆ ಬೇಡ. ಚಿಕಿತ್ಸೆ ಮುಗಿದ ಮೇಲೆ ಕಡಿಮೆ ಅಂದರೂ ಆರು ತಿಂಗಳು ಅಂಗಡಿಗೆ ಸಂಬಂಧಪಟ್ಟ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಆರು ತಿಂಗಳು ಯಾಕೆ ಅಂದರೆ, ಕೈಯ ಕಾರಣಕ್ಕೆ. ನನಗೆ ಕೊಟ್ಟ ಔಷಧಿಗಳಲ್ಲಿ ಒಂದು ಆಕ್ಸಾಲಿಪ್ಲಾಟಿನ್. ಅದು ನರಗಳಿಗೆ ಪೆಟ್ಟು ಕೊಡುತ್ತದೆ. ಕೀಮೋ ನಡೆಯುವ ದಿನಗಳಲ್ಲಿ ತಣ್ಣಗಿರುವುದನ್ನು ಮುಟ್ಟಿದರೆ ಬೆರಳಿಗೆ ಶಾಕ್ ಹೊಡೆದಂತೆ ಆಗುತ್ತದೆ. ಬೆಳಿಗ್ಗೆ ಉಕ್ಕಿನ ಕತ್ತರಿ ಎತ್ತಲು ನಾನು ಹಿಡಿಗೆ ಅಸ್ತರಿನ ತುಂಡು ಸುತ್ತಬೇಕಿತ್ತು. ಇಷ್ಟು ಎಲ್ಲರಿಗೂ ಹೇಳಿರುತ್ತಾರೆ. ಹಲವರು ಗಮನಿಸದ ಸಂಗತಿ ಮುಂದಿದೆ: ಕೀಮೋ ನಿಂತ ಮೇಲೂ ಎರಡು ಮೂರು ತಿಂಗಳು ಬೆರಳಿನ ಜೋಮು ಏರುತ್ತಾ ಹೋಗಬಹುದು. ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಆರು ತಿಂಗಳು, ವರ್ಷ ಹಿಡಿಯಬಹುದು. ಕೆಲವರಿಗೆ ಪೂರ್ತಿ ಹೋಗುವುದೇ ಇಲ್ಲ.

ಜೋಮು ಏರುವ ಆ ತಿಂಗಳುಗಳಲ್ಲೇ ಜನ "ನನ್ನ ಕೈ ಹೋಯಿತು" ಎಂದು ಮಷೀನು ಮಾರುತ್ತಾರೆ. ಠಾಣೆಯ ಬಡಗಿ ತನ್ನ ಉಳಿಗಳ ಪೆಟ್ಟಿಗೆಯನ್ನು ಯಾರಿಗೋ ಸುಮ್ನೆ ಕೊಟ್ಟುಬಿಟ್ಟರು. ಒಂಬತ್ತು ತಿಂಗಳಿಗೆ ಬೆರಳಿಗೆ ಜೀವ ಬಂತು. ಪೆಟ್ಟಿಗೆ ಬರಲಿಲ್ಲ.

ಬೇರೆ ಕಾಯಿಲೆಗಳಿಗೂ ಅದರದೇ ಅವಧಿ ಇರುತ್ತದೆ. ಬೈಪಾಸ್ ಆದವರಿಗೆ ಎದೆಯ ಮೂಳೆ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಸಾಮಾನ್ಯ ಕ್ಷಯಕ್ಕೆ ಮಾತ್ರೆಯೇ ಆರು ತಿಂಗಳು. ನಿಮ್ಮ ಡಾಕ್ಟರಿಗೆ ಒಂದೇ ಪ್ರಶ್ನೆ ಕೇಳಿ: "ನನಗೆ ಈಗ ಇರುವ ತೊಂದರೆಗಳಲ್ಲಿ ಹೋಗುವುದು ಯಾವುದು, ಉಳಿಯುವುದು ಯಾವುದು?" ಉತ್ತರವನ್ನು ಅದೇ ಚೀಟಿಯ ಹಿಂದೆ ಬರೆದುಕೊಳ್ಳಿ.

ತಲೆಯ ಮಂಕೂ ಒಂದಿದೆ. ಕೀಮೋ ಆದ ಕೆಲವರಿಗೆ ತಿಂಗಳುಗಟ್ಟಲೆ ಮಾತು ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಗೊತ್ತಿದ್ದ ಪದ ಬಾಯಿಗೆ ಬರುವುದಿಲ್ಲ. "ಗುಂಡಿ" ಅನ್ನುವ ಪದಕ್ಕಾಗಿ ನಾನು ಗಿರಾಕಿಯ ಎದುರು ಅಂಗಿ ತೋರಿಸುತ್ತಾ ನಿಂತದ್ದುಂಟು. ಬರೆಯಬೇಕು ಅನ್ನುವವನಿಗೆ ಇದು ಜೋಮಿಗಿಂತ ದೊಡ್ಡ ಹೆದರಿಕೆ. ಹೆಚ್ಚಿನವರಿಗೆ ದಿನ ಕಳೆದಂತೆ ತಿಳಿಯಾಗುತ್ತದೆ, ಕಾಯಿರಿ.

ಎಚ್ಚರಿಕೆಯ ಗುರುತು: ಎರಡು ವಾರಕ್ಕಿಂತ ಜಾಸ್ತಿ ನಿದ್ದೆ ಕೆಟ್ಟಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಅಂಗಡಿಯ ಮೇಲಷ್ಟೇ ಅಲ್ಲದೆ ಊಟದ ಮೇಲೂ ಬೇಸರ ಬಂದಿದ್ದರೆ ಅದು ಬರೆಯುವ ತುಡಿತ ಅಲ್ಲದಿರಬಹುದು. ಖಿನ್ನತೆ ಇರಬಹುದು. ಮೊದಲು ಡಾಕ್ಟರ ಹತ್ತಿರ ಹೋಗಿ.

ಹಂತ 2: ನಿಮ್ಮ ಅಳತೆ ನೀವೇ ತೆಗೆಯಿರಿ

ಒಂದು ಸಣ್ಣ ಪುಸ್ತಕ, ನಾಲ್ಕು ವಾರ. ದಿನಾ ಮೂರು ಸಂಗತಿ ಬರೆಯಿರಿ: ಎಷ್ಟು ಹೊತ್ತಿಗೆ ತಲೆ ಚುರುಕಾಗಿತ್ತು, ಒಂದೇ ಕಡೆ ಎಷ್ಟು ಹೊತ್ತು ಕೂರಲಾಯಿತು, ಕೈ ಯಾವಾಗ ಸೋತಿತು.

ನನಗೆ ಸಿಕ್ಕ ಅಳತೆ ಬೆಳಿಗ್ಗೆ ಆರೂವರೆಯಿಂದ ಎಂಟೂಕಾಲು. ಊಟದ ನಂತರ ಸೊನ್ನೆ. ಅಂಗಡಿಯಲ್ಲಿ ದಿನಕ್ಕೆ ಹನ್ನೊಂದು ತಾಸು ನಿಂತು ಕಟಿಂಗ್ ಮಾಡಿದವನಿಗೆ ಒಂದೂಮುಕ್ಕಾಲು ತಾಸು ಅಂದರೆ ಅವಮಾನವೇ. ಆದರೆ ಅಳತೆ ಅಂದರೆ ಅಳತೆ. ಹೊಟ್ಟೆ 42 ಇರುವವನಿಗೆ 38ರ ಪ್ಯಾಂಟು ಹೊಲಿದರೆ ಏನಾಗುತ್ತದೆ ಅಂತ ನಮಗೆ ಗೊತ್ತಲ್ವಾ?

ಬೆರಳು ಜೋಮು ಹಿಡಿದಿರುವಾಗ ಇಸ್ತ್ರಿಪೆಟ್ಟಿಗೆಯ ಹತ್ತಿರ ಹುಷಾರು. ಬಿಸಿ ತಾಗಿದ್ದು ತಡವಾಗಿ ಗೊತ್ತಾಗುತ್ತದೆ. ನನಗೆ ಗೊತ್ತಾದದ್ದು ವಾಸನೆಯಿಂದ.

ಹಂತ 3: ಅಂಗಡಿ ಇರುವಾಗಲೇ 90 ದಿನ ಬರೆಯಿರಿ

ಇಡೀ ಮಾರ್ಗದರ್ಶಿಯಲ್ಲಿ ಬಿಡಲೇಬಾರದ ಹಂತ ಇದು. ಎಲ್ಲರೂ ಬಿಡುವುದೂ ಇದನ್ನೇ.

ಸೂಟನ್ನು ಯಾರೂ ನೇರವಾಗಿ ಪಕ್ಕಾ ಹೊಲಿಯುವುದಿಲ್ಲ. ಮೊದಲು ಕಚ್ಚಾ ಹೊಲಿಗೆ ಹಾಕಿ ಟ್ರಯಲ್‌ಗೆ ಕರೆಯುತ್ತೇವೆ. ದಾರ ಎಳೆದರೆ ಬಿಚ್ಚಿಕೊಳ್ಳಬೇಕು, ಬಟ್ಟೆ ಹಾಳಾಗಬಾರದು. ಈ 90 ದಿನವೂ ಹಾಗೆಯೇ. ಅಂಗಡಿ ಇರಲಿ, ಬೆಳಿಗ್ಗೆ ತಡವಾಗಿ ತೆರೆಯಿರಿ. ನಾನು ಹತ್ತಕ್ಕೆ ತೆರೆಯುತ್ತಿದ್ದವನು ಹನ್ನೊಂದೂವರೆಗೆ ತೆರೆದೆ. ಕೇಳಿದವರಿಗೆಲ್ಲ "ಡಾಕ್ಟರ್ ಹೇಳಿದ್ದಾರೆ" ಅಂದೆ. ಕಾಯಿಲೆಯಿಂದ ಸಿಕ್ಕಿದ ಒಂದೇ ಲಾಭ ಅದು, ಬಳಸಿಕೊಳ್ಳಿ.

ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ. ಗಡಿಯಾರ ಇಟ್ಟುಕೊಂಡು ಕೂರಿ. 90 ದಿನ ಮುಗಿದಾಗ ಕೈಯಲ್ಲಿ ಎರಡು ಇರಬೇಕು: ಕೈಬರಹದ 25 ಪುಟ, ಅದರಲ್ಲಿ ಆರಂಭದಿಂದ ಕೊನೆಯವರೆಗೆ ಮುಗಿದ ಒಂದು ಬರಹ. ಮೂರು ಪುಟದ್ದಾದರೂ ಸಾಕು, ಮುಗಿದಿರಬೇಕು. ಅರ್ಧಕ್ಕೆ ನಿಂತ ಐದು ಬರಹಗಳು ಲೆಕ್ಕಕ್ಕಿಲ್ಲ.

ಇಲ್ಲಿ ಜನ ಮಾಡಿಕೊಳ್ಳುವ ಮೋಸ ನೋಡಿ. ಓದಿದ್ದನ್ನೂ ಬರೆದದ್ದರ ಲೆಕ್ಕಕ್ಕೆ ಸೇರಿಸುತ್ತಾರೆ. ಹೆಸರು, ಅಧ್ಯಾಯ, ಅರ್ಪಣೆ ಯೋಚಿಸಿದ್ದನ್ನೂ ಸೇರಿಸುತ್ತಾರೆ. ಮುಂಬಯಿಯ ಕನ್ನಡಿಗರಿಗೆ ಇನ್ನೊಂದು ಆಕರ್ಷಣೆಯೂ ಇದೆ: ಭಾನುವಾರದ ಕಾರ್ಯಕ್ರಮ. ಕರ್ನಾಟಕ ಸಂಘ, ಮೈಸೂರು ಅಸೋಸಿಯೇಶನ್ ಎರಡೂ ನನ್ನ ಮನೆಗೆ ನಡೆದುಹೋಗುವ ದೂರ. ಪುಸ್ತಕ ಬಿಡುಗಡೆ, ಶಾಲು, ಹಾರ, ಕಾಫಿ. ಹೋಗಿ, ತಪ್ಪಿಲ್ಲ. ಒಳ್ಳೆಯ ಮಾತು ಕಿವಿಗೆ ಬೀಳುತ್ತದೆ. ಆದರೆ ಮನೆಗೆ ಬಂದಾಗ "ಇವತ್ತು ಸಾಹಿತ್ಯದ ಕೆಲಸ ಆಯಿತು" ಅನ್ನಿಸುತ್ತದೆ, ಅದೇ ಅಪಾಯ.

90 ದಿನಕ್ಕೆ 25 ಪುಟ ಆಗದಿದ್ದರೆ? ಅಂಗಡಿ ಬಿಡಬೇಡಿ. ಇನ್ನೊಂದು 90 ದಿನ ತೆಗೆದುಕೊಳ್ಳಿ. ಎರಡನೆಯ ಸಲವೂ ಆಗದಿದ್ದರೆ ಕೆಲಸ ಇಟ್ಟುಕೊಂಡು ವಾರಕ್ಕೆರಡು ದಿನ ಬರೆಯಿರಿ. ಯಶವಂತ ಚಿತ್ತಾಲರು ಇದೇ ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ನೌಕರಿ ಮಾಡುತ್ತಲೇ ಬರೆದವರು. ಬರೆಯುವುದಕ್ಕೆ ಎಲ್ಲವನ್ನೂ ಬಿಡಲೇಬೇಕು ಅನ್ನುವುದು ಸಿನಿಮಾದ ಮಾತು.

ಹಂತ 4: ದುಡ್ಡನ್ನು ಮೂರು ಡಬ್ಬಿಗೆ ಹಾಕಿ

ಮೊದಲ ಡಬ್ಬಿ ಮನೆಯ ಖರ್ಚು. 24 ತಿಂಗಳಿನದು. ಬರವಣಿಗೆಯಿಂದ ಬರುವ ಆದಾಯವನ್ನು ಇದರಲ್ಲಿ ಸೊನ್ನೆ ಎಂದೇ ಬರೆಯಿರಿ. ಕನ್ನಡದಲ್ಲಿ ಒಂದು ಲೇಖನಕ್ಕೆ ಸಿಗುವ ಗೌರವಧನ ಒಂದು ಪ್ಯಾಂಟಿನ ಹೊಲಿಗೆ ಕೂಲಿಯಷ್ಟಾದರೆ ನಿಮ್ಮ ಪುಣ್ಯ.

ಎರಡನೆಯ ಡಬ್ಬಿ ಕಾಯಿಲೆಯದು. ಇದನ್ನು ಮೊದಲನೆಯದರ ಜೊತೆ ಬೆರೆಸಬೇಡಿ. ಕರುಳಿನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಮೊದಲ ಎರಡು ವರ್ಷ ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ, ಕ್ಯಾನ್ಸರ್ ಮರಳುವ ಸುಳಿವು ನೋಡುವ ಸಿಇಎ ರಕ್ತಪರೀಕ್ಷೆ. ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ. ನಡುವೆ ಸ್ಕ್ಯಾನು, ಕೊಲೊನೋಸ್ಕೋಪಿ. ಮರುಕಳಿಸುವುದಾದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲೇ. ಹಾಗಾಗಿ ಕಡಿಮೆ ಅಂದರೂ ಮೂರು ವರ್ಷದ ತಪಾಸಣೆಯ ದುಡ್ಡು ಬೇರೆಯಾಗಿ ಇರಬೇಕು.

ಇನ್ಶೂರೆನ್ಸಿನ ವಿಷಯದಲ್ಲಿ ಉದಾಸೀನ ಬೇಡವೇ ಬೇಡ. ಕ್ಯಾನ್ಸರ್ ಬಂದವರಿಗೆ ಹೊಸ ಪಾಲಿಸಿ ಸಿಗುವುದು ಬಹಳ ಕಷ್ಟ. ಇರುವ ಪಾಲಿಸಿಯೇ ಚಿನ್ನ. ಕಂತಿನ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ನಿಮ್ಮದು ವ್ಯಾಪಾರಿಗಳ ಸಂಘದ ಅಥವಾ ಸಹಕಾರಿ ಬ್ಯಾಂಕಿನ ಗ್ರೂಪ್ ಪಾಲಿಸಿಯಾಗಿದ್ದರೆ ಅಂಗಡಿ ಮುಚ್ಚಿದ ದಿನ ಅದೂ ಮುಗಿಯಬಹುದು. ಸದಸ್ಯತ್ವ ಇರುವಾಗಲೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಡಿ ಎಂದು ಬರವಣಿಗೆಯಲ್ಲಿ ಕೇಳಿ. ಚಿನ್ನದ ಕೆಲಸದವರು ಕೇಳಲಿಲ್ಲ. ಬಿಟ್ಟು ಎರಡು ತಿಂಗಳಾದ ಮೇಲೆ ಕೇಳಿದರು. ಆಗ ಬಾಗಿಲು ಮುಚ್ಚಿತ್ತು.

ಮೂರನೆಯ ಡಬ್ಬಿ ಕಾಲಕಾಲಕ್ಕೆ ಬಡ್ಡಿ ಕೊಡುವುದು. ಅಂಗಡಿ ಬಿಟ್ಟಾಗ ಬರುವ ದೊಡ್ಡ ಮೊತ್ತ ಇಲ್ಲಿಗೆ. ಪೋಸ್ಟ್ ಆಫೀಸಿನ ಮಾಸಿಕ ಆದಾಯ ಯೋಜನೆಯಲ್ಲಿ 2023ರಿಂದ ಒಬ್ಬರಿಗೆ 9 ಲಕ್ಷ, ಜಂಟಿ ಖಾತೆಗೆ 15 ಲಕ್ಷ ಮಿತಿ. 60 ದಾಟಿದವರಿಗೆ ಹಿರಿಯ ನಾಗರಿಕರ ಯೋಜನೆ ಇದೆ, ಮಿತಿ 30 ಲಕ್ಷ, ಬಡ್ಡಿ ಮೂರು ತಿಂಗಳಿಗೊಮ್ಮೆ. ಷೇರು ಮಾರುಕಟ್ಟೆಯ ಮಾತು ಹೇಳುವ ಭಾವಮೈದುನ ಎಲ್ಲರ ಮನೆಯಲ್ಲೂ ಇರುತ್ತಾನೆ. ಅವನಿಗೆ ಚಹಾ ಕೊಡಿ, ಚೆಕ್ ಕೊಡಬೇಡಿ.

ಹಂತ 5: ಅಂಗಡಿ ಬಿಡುವುದು

ಮೊದಲ ಎರಡು ಡಬ್ಬಿ ತುಂಬಿ, 25 ಪುಟ ಆದ ಮೇಲೆಯೇ ಈ ಹಂತ. ಇದರೊಳಗೂ ಒಂದು ಕ್ರಮ ಇದೆ.

ತಿಂಗಳು ಆರಿಸಿ. ನಮ್ಮ ಕಸುಬಿನಲ್ಲಿ ದೀಪಾವಳಿಯಿಂದ ಮದುವೆಗಳು ಮುಗಿಯುವವರೆಗೆ ಉಸಿರಾಡಲು ಬಿಡುವಿಲ್ಲ. ಮಳೆಗಾಲ ಮಂದ. ಹೊಸ ಆರ್ಡರನ್ನು ಮೇ ಕೊನೆಗೆ ನಿಲ್ಲಿಸಿದೆ, ಜುಲೈಯಲ್ಲಿ ಕೀ ಕೊಟ್ಟೆ. ಸೀಸನ್ ನಡುವೆ ಬಿಟ್ಟರೆ ಮದುಮಗನ ಕೋಟು ಅರ್ಧಕ್ಕೆ ನಿಂತಿರುತ್ತದೆ, ಆ ಶಾಪ ನಿಮಗೆ ಬೇಡ.

ಬಾಕಿ ಬಟ್ಟೆ. ರ‍್ಯಾಕಿನಲ್ಲಿ ವರ್ಷಗಟ್ಟಲೆ ಯಾರೂ ಒಯ್ಯದ ಬಟ್ಟೆ ಇರುತ್ತದೆ. ಪ್ರತಿ ಚೀಟಿಯ ನಂಬರಿಗೆ ಫೋನ್ ಮಾಡಿ, ತಾರೀಖು ಹೇಳಿ. ನನ್ನ ಹತ್ತಿರ 31 ಜೋಡಿ ಇತ್ತು. ಕೊನೆಗೆ ಉಳಿದದ್ದು ನಾಲ್ಕು. ಅದರಲ್ಲಿ ಒಂದರ ಗಿರಾಕಿ ತೀರಿಕೊಂಡಿದ್ದರು, ಮಗ ಬಂದು ಕೂಲಿ ಕೊಟ್ಟು ಒಯ್ದ.

ಕಾರಿಗರ್‌ಗಳ (ಅಂಗಡಿಯ ಕೆಲಸಗಾರರ) ಲೆಕ್ಕ. ನಮ್ಮಲ್ಲಿ ಪೀಸಿನ ಮೇಲೆ ಕೂಲಿ, ಜೊತೆಗೆ ಮುಂಗಡ ಕೊಟ್ಟದ್ದು, ಹಬ್ಬಕ್ಕೆ ಕೊಟ್ಟದ್ದು. ಎಲ್ಲ ಬಾಯಿಮಾತು. ಎರಡು ತಿಂಗಳು ಮೊದಲೇ ಹೇಳಿ, ಕೂತು ಲೆಕ್ಕ ಬರೆದು ಇಬ್ಬರೂ ಸಹಿ ಹಾಕಿ. ಗ್ರಾಚುಯಿಟಿ ಕಾನೂನು ಹತ್ತು ಜನಕ್ಕಿಂತ ಕಡಿಮೆ ಇರುವ ಅಂಗಡಿಗೆ ಸಾಮಾನ್ಯವಾಗಿ ಬರುವುದಿಲ್ಲ. ಕಾನೂನು ಕೇಳದಿದ್ದರೂ ಹದಿನೆಂಟು ವರ್ಷ ನಿಮ್ಮ ಪಕ್ಕ ಕೂತು ಕಾಜಾ (ಗುಂಡಿಯ ತೂತು) ಹಾಕಿದವನಿಗೆ ಏನು ಕೊಡಬೇಕು ಅಂತ ನಿಮಗೆ ಗೊತ್ತಿರುತ್ತದೆ. ಅದನ್ನು ಡಬ್ಬಿ ತುಂಬುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ಜಾಗ. ಮುಂಬಯಿಯ ಹಳೆಯ ಅಂಗಡಿಗಳಲ್ಲಿ ಬಹಳಷ್ಟು ಪಗಡಿಯವು, ಅಂದರೆ ಮೊದಲೇ ದೊಡ್ಡ ಮೊತ್ತ ಕೊಟ್ಟು ಕಡಿಮೆ ಬಾಡಿಗೆಗೆ ಹಿಡಿದವು. ದೊಡ್ಡ ತಪ್ಪು ಆಗುವುದು ಇಲ್ಲಿ. "ನಮ್ಮ ಹುಡುಗನೇ ನಡೆಸಲಿ, ತಿಂಗಳಿಗಿಷ್ಟು ಕೊಡಲಿ" ಎಂದು ಕೀ ಕೊಟ್ಟುಬಿಡುತ್ತಾರೆ. ಮಾಲೀಕರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಒಳಬಾಡಿಗೆ ಕೊಟ್ಟರೆ ಅದೇ ನಿಮ್ಮನ್ನು ಬಿಡಿಸಲು ಕಾರಣವಾಗುತ್ತದೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯಲ್ಲಿ ಪಗಡಿ ತೆಗೆದುಕೊಂಡು ಬಾಡಿಗೆ ಹಕ್ಕು ವರ್ಗಾಯಿಸಲು ಅವಕಾಶ ಇದೆ. ಸರಿಯಾದ ದಾರಿ: ಮಾಲೀಕರ ಜೊತೆ ಮೊದಲು ಮಾತು, ಅವರ ಪಾಲು ಎಷ್ಟು ಎಂದು ಕಾಗದದ ಮೇಲೆ, ಆಮೇಲೆ ಕೊಳ್ಳುವವರ ಜೊತೆ ಕರಾರು, ಕೊನೆಗೆ ಹೊಸಬರ ಹೆಸರಿನಲ್ಲಿ ಬಾಡಿಗೆ ರಸೀದಿ. ರಸೀದಿ ಆಗುವವರೆಗೆ ಕೀ ನಿಮ್ಮ ಜೇಬಿನಲ್ಲೇ. ಕೈಗೆ ಬಂದ ದುಡ್ಡಿಗೆ ಕ್ಯಾಪಿಟಲ್ ಗೇನ್ ತೆರಿಗೆ ಬೀಳುತ್ತದೆ, ಪೂರ್ತಿ ಮೊತ್ತವನ್ನು ಡಬ್ಬಿಗೆ ಹಾಕುವ ಮೊದಲು ಸಿಎ ಹತ್ತಿರ ಹೋಗಿ.

ಕಾಗದಪತ್ರ. ಗುಮಾಸ್ತಾ ಲೈಸೆನ್ಸ್ (ಅಂಗಡಿಯ ನೋಂದಣಿ) ಇದ್ದರೆ ಅಂಗಡಿ ಮುಚ್ಚಿದ್ದನ್ನು ತಿಳಿಸಿ. ಜಿಎಸ್‌ಟಿ ನೋಂದಣಿ ಇದ್ದರೆ ರದ್ದು ಮಾಡಿಸಿ, ರದ್ದಾದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಕೊನೆಯ ರಿಟರ್ನ್ ಹಾಕಿ. ರದ್ದಾಯಿತು ಎಂದು ಸುಮ್ಮನೆ ಕೂತವರಿಗೆ ಆಮೇಲೆ ದಂಡದ ನೋಟಿಸು ಬರುತ್ತದೆ. ಬೆಸ್ಟ್‌ನ ವಿದ್ಯುತ್ ಮೀಟರ್ ನಿಮ್ಮ ಹೆಸರಿನಿಂದ ಬದಲಾಗಿದೆಯೇ ನೋಡಿ.

ಸಾಮಾನು. ಮಷೀನು, ಕಟಿಂಗ್ ಟೇಬಲ್ಲು, ಕನ್ನಡಿ ಕೊಟ್ಟುಬಿಡಿ. ಒಂದು ಕತ್ತರಿ, ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ಹಾಕುವ ಟೊಪ್ಪಿ), ಟೇಪು ಮತ್ತು ಅಳತೆ ಪುಸ್ತಕಗಳು ನಿಮ್ಮ ಹತ್ತಿರ ಇರಲಿ. ಕತ್ತರಿ ಯಾಕೆ ಅಂತ ಕೇಳಬೇಡಿ. ಅಳತೆ ಪುಸ್ತಕ ಯಾಕೆ ಎಂದು ಏಳನೆಯ ಹಂತದಲ್ಲಿ ಹೇಳುತ್ತೇನೆ.

ಹಂತ 6: ಜಾಗ ಮತ್ತು ಸಾಧನ

ಒಂದೂವರೆ ಕೋಣೆಯ ಮನೆಯಲ್ಲಿ ಬರೆಯುವ ಕೋಣೆ ಎಂಬುದು ಇರುವುದಿಲ್ಲ. ಬೇಕಾಗಿಯೂ ಇಲ್ಲ. ಊಟದ ಮೇಜಿನ ಒಂದು ಮೂಲೆ, ಆ ಹೊತ್ತಿಗೆ ನಿಮ್ಮದೇ ಎಂದು ಮನೆಯಲ್ಲಿ ಒಪ್ಪಿಗೆ ಇದ್ದರೆ ಸಾಕು. ಬೆನ್ನಿಗೆ ದಿಂಬು. ಹೊಟ್ಟೆಯ ಆಪರೇಶನ್ ಆದವರು ನೆಲದಲ್ಲಿ ಬಗ್ಗಿ ಬರೆಯಬೇಡಿ.

ಜೋಮು ಇರುವ ಕೈಗೆ ತೆಳ್ಳಗಿನ ಪೆನ್ನು ನಿಲ್ಲುವುದಿಲ್ಲ. ಪೆನ್ನಿಗೆ ಅರ್ಧ ಇಂಚು ದಪ್ಪವಾಗುವಷ್ಟು ಹತ್ತಿಬಟ್ಟೆಯ ಪಟ್ಟಿ ಸುತ್ತಿ ಎರಡು ಟಾಕು ಹಾಕಿ. ದಪ್ಪ ಹಿಡಿ ಇದ್ದರೆ ಬೆರಳು ಬಿಗಿ ಹಿಡಿಯಬೇಕಾಗಿಲ್ಲ.

ಕೈ ಪೂರ್ತಿ ಸೋತ ದಿನ ಫೋನಿಗೆ ಹೇಳಿ ಬರೆಸಿ. ಜೀಬೋರ್ಡ್‌ನಲ್ಲಿ (ಗೂಗಲ್ ಕೀಬೋರ್ಡ್) ಕನ್ನಡ ಸೇರಿಸಿಕೊಂಡು ಮೈಕ್ ಒತ್ತಿದರೆ ಮಾತು ಅಕ್ಷರವಾಗುತ್ತದೆ. ಅಭ್ಯಾಸಕ್ಕೆ ಎರಡು ವಾರ ಬೇಕು. ಒಂದು ವಾಕ್ಯ ಮನಸ್ಸಿನಲ್ಲಿ ಪೂರ್ತಿ ಕಟ್ಟಿಕೊಂಡು ಒಂದೇ ಉಸಿರಿಗೆ ಹೇಳಿ. ತಡವರಿಸಿದರೆ ಅದೂ ತಡವರಿಸುತ್ತದೆ. ಚುಕ್ಕೆ, ಪ್ರಶ್ನೆಚಿಹ್ನೆ ಆಮೇಲೆ ಕೈಯಿಂದ ಹಾಕಿ. ಕಸುಬಿನ ಪದಗಳನ್ನು ಅದು ತಪ್ಪಾಗಿಯೇ ಕೇಳಿಸಿಕೊಳ್ಳುತ್ತದೆ. ನನ್ನ "ಕಾಜಾ" ಮೂರು ಸಲ "ರಾಜ" ಆಗಿತ್ತು, ಕಥೆಗೆ ಗಾಂಭೀರ್ಯ ಬಂದಿತ್ತು. ಅದೇ ದಿನ ಓದಿ ತಿದ್ದಿ, ಮರುದಿನವಾದರೆ ಏನು ಹೇಳಿದ್ದಿರೋ ನಿಮಗೇ ಹೊಳೆಯುವುದಿಲ್ಲ.

ಕಂಪ್ಯೂಟರಿನಲ್ಲಿ ಬರೆಯುವವರು ಯೂನಿಕೋಡ್‌ನಲ್ಲೇ ಬರೆಯಿರಿ. ಹಳೆಯ ನುಡಿ ಫಾಂಟಿನಲ್ಲಿ ಬರೆದು ಆಮೇಲೆ ಬದಲಾಯಿಸಿದರೆ ಅರ್ಕಾವತ್ತು, ಒತ್ತಕ್ಷರ ಚೆಲ್ಲಾಪಿಲ್ಲಿಯಾಗುತ್ತವೆ. ಮುದ್ರಕರಿಗೆ ಹಳೆಯ ಫಾಂಟು ಬೇಕಾದರೆ ಅವರೇ ಬದಲಾಯಿಸಿಕೊಳ್ಳಲಿ, ಕರಡು ಬಂದಾಗ ಅರ್ಕಾವತ್ತುಗಳನ್ನು ಒಂದೊಂದಾಗಿ ನೋಡಿ. ವಾರಕ್ಕೊಮ್ಮೆ ನಿಮ್ಮ ಬರಹವನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ.

ಹಂತ 7: ಮೊದಲು ಏನು ಬರೆಯಬೇಕು

ಕಾಯಿಲೆಯನ್ನಲ್ಲ. ಇದು ನನ್ನ ಖಡಾಖಂಡಿತ ಅಭಿಪ್ರಾಯ, ಒಪ್ಪದವರು ಇದ್ದಾರೆ. ಮೊದಲ ವರ್ಷದಲ್ಲಿ ಬರೆದ ಕಾಯಿಲೆಯ ಪುಟಗಳನ್ನು ನನಗೆ ಹಲವರು ಕಳಿಸಿದ್ದಾರೆ. ರಿಪೋರ್ಟು ಕೈಗೆ ಬಂದ ಕ್ಷಣ, ಕಾರಿಡಾರಿನ ಬೆಳಕು, ಹೆಂಡತಿಯ ಕಣ್ಣೀರು, ದೇವರು. ಎಲ್ಲವೂ ನಿಜ, ಆದರೆ ಯಾರದು ಯಾವುದು ಎಂದು ಹೆಸರು ನೋಡಿಯೇ ಹೇಳಬೇಕು. ಅದನ್ನೆಲ್ಲ ತಾರೀಖು ಹಾಕಿ ಡೈರಿಯಲ್ಲಿ ಇಡಿ. ಮುಂದೆ ಬೇಕಾಗುತ್ತದೆ.

ಕಸುಬಿನಿಂದ ಶುರು ಮಾಡಿ. ನಿಮ್ಮ ಕೆಲಸದ ನೂರು ಪದಗಳ ಪಟ್ಟಿ ಮಾಡಿ. ಕಾಜಾ, ತುರಪಾಯಿ, ಅಸ್ತರ್, ಬಕ್ರಮ್, ಮುಂಡಾ, ತೀರಾ, ಘೇರ್. ಶಬ್ದಕೋಶ ನೋಡಬೇಡಿ, ಬಾಯಲ್ಲಿ ಬರುವ ಹಾಗೆಯೇ ಬರೆಯಿರಿ. ಪ್ರತಿ ಪದದ ಪಕ್ಕ ನೆನಪಾಗುವ ಒಂದು ಘಟನೆಯನ್ನು ಒಂದೇ ಸಾಲಿನಲ್ಲಿ ಹಾಕಿ. ನೂರಕ್ಕೆ ಮೂವತ್ತು ಘಟನೆ ಸಿಗುತ್ತವೆ. ಮೂವತ್ತರಲ್ಲಿ ಮೂರು ನಿಮ್ಮನ್ನು ಬಿಡುವುದಿಲ್ಲ. ಆ ಮೂರನ್ನು ಬರೆಯಿರಿ.

ಅಳತೆ ಪುಸ್ತಕ ಈಗ ಬೇಕು. ಒಬ್ಬನೇ ಗಿರಾಕಿಯ ಇಪ್ಪತ್ತು ವರ್ಷದ ಸೊಂಟದ ಅಳತೆ ಸಾಲಾಗಿ ಇರುತ್ತದೆ: 30, 32, 34, 38, ಆಮೇಲೆ ಇದ್ದಕ್ಕಿದ್ದಂತೆ 31. ಆ 31ರ ವರ್ಷ ಏನಾಯಿತು ಎಂದು ನಿಮಗೆ ಗೊತ್ತಿರುತ್ತದೆ. ನನ್ನ ಮೊದಲ ಬರಹ ಹುಟ್ಟಿದ್ದು "ಆಲ್ಟರೇಶನ್" ಎಂಬ ಪದದಿಂದ. ಒಬ್ಬ ಹುಡುಗ ತೀರಿಹೋದ ತಂದೆಯ ಕೋಟು ತಂದು "ನನಗೆ ಸರಿ ಮಾಡಿಕೊಡಿ ಮಾಸ್ಟ್ರೇ" ಅಂದ. ಬಿಚ್ಚಿ ನೋಡಿದರೆ ಬದಿಯ ಹೊಲಿಗೆಯೊಳಗೆ ಒಂದೂವರೆ ಇಂಚು ಬಟ್ಟೆ ಮಡಚಿಟ್ಟಿತ್ತು. ಆ ಮನುಷ್ಯ ಮುಂದೆ ದಪ್ಪಗಾಗುತ್ತಾನೆ ಎಂದು ಯಾವುದೋ ಹಳೆಯ ಟೈಲರ್ ಬಿಟ್ಟ ಬಟ್ಟೆ. ಅವರು ದಪ್ಪಗಾಗುವವರೆಗೆ ಬದುಕಲಿಲ್ಲ. ಇದನ್ನು ಮೂರೇ ಪುಟದಲ್ಲಿ ಬರೆಯಲು ನನಗೆ ಐದು ವಾರ ಬೇಕಾಯಿತು.

ಇಲ್ಲಿ ಆಗುವ ತಪ್ಪುಗಳು ಎರಡು ಮೂರು. ಪೆನ್ನು ಹಿಡಿದ ಕೂಡಲೇ ವೇದಿಕೆಯ ಕನ್ನಡ ಬರುತ್ತದೆ. ಅಂಗಡಿಯಲ್ಲಿ ತುಳು, ಹಿಂದಿ, ಮರಾಠಿ, ಕನ್ನಡ ಎಲ್ಲ ಬೆರೆಸಿ ಸೊಗಸಾಗಿ ಬೈಯುತ್ತಿದ್ದವನು "ಪ್ರಪ್ರಥಮವಾಗಿ ನಾನು ಹೇಳಬಯಸುವುದೇನೆಂದರೆ" ಎಂದು ಶುರು ಮಾಡುತ್ತಾನೆ. ಹೊಡೆದುಹಾಕಿ. ಎರಡನೆಯದು, ಕಸುಬನ್ನು ಪಾಠದಂತೆ ವಿವರಿಸುವುದು. ಕಾಜಾ ಎಂದರೇನು ಎಂದು ಅರ್ಧ ಪುಟ ಬೇಡ. ಒಬ್ಬ ಕಾಜಾ ಹಾಕುತ್ತಾ ಮಾತಾಡಲಿ, ಓದುವವರಿಗೆ ಅರ್ಥವಾಗುತ್ತದೆ.

ಇನ್ನೊಂದು ಗಂಭೀರ ವಿಷಯ. ಟೈಲರಿಗೆ ಜನರ ಮೈ ಗೊತ್ತು. ಯಾರ ಒಂದು ಭುಜ ಇಳಿದಿದೆ, ಯಾರು ಪ್ಯಾಡ್ ಹಾಕಿಸುತ್ತಾರೆ, ಯಾರು ಉಧಾರಿ ತೀರಿಸಿಲ್ಲ. ಅವರು ಅದನ್ನು ನಿಮಗೆ ಕೊಟ್ಟದ್ದು ಬಟ್ಟೆ ಹೊಲಿಯಲು, ಬರೆಯಲು ಅಲ್ಲ. ಹೆಸರು ಬದಲಾಯಿಸಿದರೆ ಸಾಲದು. ಕಟ್ಟಡ, ನೌಕರಿ, ಮಕ್ಕಳ ಲೆಕ್ಕ ಎಲ್ಲ ಬದಲಾಯಿಸಿ. ಕೋಟಿನ ಹುಡುಗನ ಹತ್ತಿರ ನಾನು ಹೋಗಿ ಕೇಳಿದ್ದೆ. ಅವನು ಒಪ್ಪಿದ ಮೇಲೆಯೇ ಕಳಿಸಿದ್ದು.

ಹಂತ 8: ತಿದ್ದುವುದು

ಬರೆದದ್ದನ್ನು ಹತ್ತು ದಿನ ಕಪಾಟಿನಲ್ಲಿಡಿ. ಆಮೇಲೆ ಗಟ್ಟಿಯಾಗಿ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ, ನಡೆಯುವಾಗ ಕೇಳಿ. ನಾನು ಫೈವ್ ಗಾರ್ಡನ್ಸ್ ಸುತ್ತುತ್ತಾ ಕೇಳುತ್ತೇನೆ. ನಾಲಿಗೆ ಎಲ್ಲಿ ಎಡವಿತೋ ಅಲ್ಲಿ ವಾಕ್ಯ ಸರಿಯಿಲ್ಲ. ಮೊದಲ ಪ್ಯಾರಾ ತೆಗೆದು ಎರಡನೆಯದರಿಂದ ಓದಿ ನೋಡಿ. ಹತ್ತಕ್ಕೆ ಏಳು ಸಲ ಮೊದಲ ಪ್ಯಾರಾ ಬೇಕಾಗಿರುವುದಿಲ್ಲ.

ಇಬ್ಬರಿಗೆ ಓದಲು ಕೊಡಿ: ಒಬ್ಬರು ನಿಮ್ಮ ಕಸುಬಿನವರು, ಒಬ್ಬರು ಅಲ್ಲದವರು. ಮನೆಯವರು ಬೇಡ, ಅವರು ನಿಮ್ಮ ಮುಖ ನೋಡಿ ಓದುತ್ತಾರೆ. "ಹೇಗಿದೆ?" ಎಂದು ಕೇಳಬೇಡಿ. ಕಾಯಿಲೆಯಿಂದ ಎದ್ದವನಿಗೆ ಯಾರೂ ಚೆನ್ನಾಗಿಲ್ಲ ಅನ್ನುವುದಿಲ್ಲ. "ಎಲ್ಲಿ ಓದು ನಿಲ್ಲಿಸೋಣ ಅನ್ನಿಸಿತು?" ಎಂದು ಕೇಳಿ.

ಹಂತ 9: ಕಳಿಸುವುದು

ಒಂದು ಬರಹ ಒಂದು ಪತ್ರಿಕೆಗೆ. ಮೂರು ತಿಂಗಳು ಕಾಯಿರಿ, ಅಷ್ಟರಲ್ಲಿ ಇನ್ನೊಂದು ಬರೆಯಿರಿ. ಜೊತೆಗಿನ ಪತ್ರದಲ್ಲಿ ಕಾಯಿಲೆಯ ಸುದ್ದಿ ಬೇಡ.

ಹತ್ತು ಹನ್ನೆರಡು ಬರಹ ಪ್ರಕಟವಾಗುವವರೆಗೆ ಪುಸ್ತಕದ ಮಾತು ಬೇಡ. ಬೋರ್ಡು ಬರೆಯುತ್ತಿದ್ದವರಿಂದ ಒಬ್ಬ ಪ್ರಕಾಶಕರು ದುಡ್ಡು ತೆಗೆದುಕೊಂಡರು. ಎಷ್ಟು ಪ್ರತಿ ಅಚ್ಚಾಯಿತು ಅಂತ ಇವತ್ತಿಗೂ ಅವರಿಗೆ ಗೊತ್ತಿಲ್ಲ. ದುಡ್ಡು ಕೇಳುವವರ ಹತ್ತಿರ ಪ್ರತಿಗಳ ಸಂಖ್ಯೆ, ನಿಮಗೆ ಎಷ್ಟು ಪ್ರತಿ, ಹಕ್ಕು ಯಾರದು ಎಂದು ಬರೆಸಿಕೊಳ್ಳಿ. ಭಾರತದಲ್ಲಿ ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಉಚಿತ, ಅದಕ್ಕೆ ಶುಲ್ಕ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಕೃತಿಯ ಹಕ್ಕು ಬರೆದವರು ಬದುಕಿರುವವರೆಗೆ, ಆಮೇಲೆ 60 ವರ್ಷ ಇರುತ್ತದೆ. ಅದನ್ನು ಒಂದು ಸಹಿಯಲ್ಲಿ ಪೂರ್ತಿ ಬರೆದುಕೊಡಬೇಡಿ.

ಹಂತ 10: ತಪಾಸಣೆಯ ವಾರ, ಮದುವೆಯ ಸೀಸನ್

ರಕ್ತಪರೀಕ್ಷೆಯ ಹಿಂದಿನ ವಾರ ಹೊಸದೇನೂ ಹುಟ್ಟುವುದಿಲ್ಲ. ಹೋರಾಡಬೇಡಿ. ಆ ವಾರಕ್ಕೆಂದೇ ಯಂತ್ರದಂತೆ ಮಾಡುವ ಕೆಲಸ ಉಳಿಸಿಕೊಳ್ಳಿ: ಕೈಬರಹ ಟೈಪ್ ಮಾಡುವುದು, ಕರಡು ನೋಡುವುದು, ಪದಗಳ ಪಟ್ಟಿಗೆ ಸೇರಿಸುವುದು. ಕೂರುವ ಹೊತ್ತು ಮಾತ್ರ ತಪ್ಪಿಸಬೇಡಿ. ರಿಪೋರ್ಟು ಕೆಟ್ಟದ್ದಾಗಿ ಬಂದರೆ ಈ ಮಾರ್ಗದರ್ಶಿ ಪಕ್ಕಕ್ಕಿಟ್ಟು ಡಾಕ್ಟರು ಹೇಳಿದಂತೆ ಮಾಡಿ. ಎರಡನೆಯ ಡಬ್ಬಿ ಇರುವುದು ಅದಕ್ಕೇ.

ನವೆಂಬರ್ ಬಂದಾಗ ಹಳೆಯ ಗಿರಾಕಿಗಳ ಫೋನ್ ಶುರುವಾಗುತ್ತದೆ. "ಮಾಸ್ಟ್ರೇ, ಮಗನ ಮದುವೆ, ನಿಮ್ಮ ಕೈಯದೇ ಆಗಬೇಕು. ಒಂದೇ ಒಂದು ಶೇರ್ವಾನಿ." ಮೊದಲ ವರ್ಷ ನಾನು ಒಪ್ಪಿಕೊಂಡೆ. ಒಂದು ಹೊಲಿದದ್ದು ತಿಳಿದು ಏಳು ಬಂದವು, ಫೆಬ್ರವರಿಯವರೆಗೆ ಒಂದು ಪುಟ ಬರೆಯಲಿಲ್ಲ. ಈಗ ಊಟದ ಮೇಜಿನ ಮೇಲೆ ನನ್ನ ಕಾರಿಗರ್‌ನ ನಂಬರ್ ಬರೆದ ಚೀಟಿ ಅಂಟಿಸಿದ್ದೇನೆ. ಅವನೀಗ ವಡಾಲಾದಲ್ಲಿ ಸ್ವಂತ ಅಂಗಡಿ ಇಟ್ಟಿದ್ದಾನೆ. ಫೋನ್ ಬಂದರೆ ನಂಬರ್ ಓದಿ ಹೇಳುತ್ತೇನೆ, ಅಳತೆ ಪುಸ್ತಕದಿಂದ ಅವರ ಹಳೆಯ ಅಳತೆಯನ್ನೂ ಹೇಳುತ್ತೇನೆ. ಸೊಂಟಕ್ಕೆ ಎರಡು ಇಂಚು ಜಾಸ್ತಿ ಇಟ್ಟುಕೊಳ್ಳಲು ಅವನಿಗೆ ಹೇಳಿ, ಫೋನ್ ಇಟ್ಟುಬಿಡುತ್ತೇನೆ.